ಕೆನೆತ್ ಆಂಡರ್ಸನ್: ಗುಂಡಿನ ತೂಕ ಅರಿತ ಬೇಟೆಗಾರ

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಸರಣಿಯ ಮೂಲಕ ಕನ್ನಡಿಗರ ಮನೆಮಾತಾದ ಕೆನೆತ್ ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಮೀಪದ ಬೊಲಾರಂನಲ್ಲಿ. ಅವರದು ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಅವರು ಮುಂದೆ ಅದೇ ನಗರದ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗಿಯಾದರು. ಜೀವನೋಪಾಯ ನಗರದಲ್ಲಿದ್ದರೂ ಒಲವು ಕಾಡಿನದಾಗಿತ್ತು. ಕನ್ನಡ, ತಮಿಳು ಬಲ್ಲವರಾಗಿದ್ದರಿಂದ ಹಳ್ಳಿಗರ, ಕಾಡುಜನರ ಅನುಭವ ಅವರಿಗೆ ನೇರವಾಗಿ ದಕ್ಕಿತು.

ಅವರ ನೆಚ್ಚಿನ ಆಯುಧ ‘.405 ವಿಂಚೆಸ್ಟರ್’ ರೈಫಲ್. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ 1895ರ ಮಾದರಿಯದು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಬೇಟೆಗೆ ಒಯ್ದದ್ದೂ ಇದೇ ಬಗೆಯ ಕೋವಿಯನ್ನು. ಮುಂದೆ 1911ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಪ್ರಸಿದ್ಧ .45 ಪಿಸ್ತೂಲಿನ ಜನಕನೂ ಬ್ರೌನಿಂಗ್ ಅವರೇ.

ಒಬ್ಬನೇ ಶಿಲ್ಪಿಯ ಈ ಎರಡು ಆಯುಧಗಳ ನಡುವಿನ ಅಂತರ ಮಾತ್ರ ಅಗಾಧ. .45 ಪಿಸ್ತೂಲಿನ ಗುಂಡು ಸುಮಾರು 15 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. 9 ಮಿ.ಮೀ. ಪಿಸ್ತೂಲಿನ ಗುಂಡು 8 ಗ್ರಾಂ ಮಾತ್ರ. ಆದರೆ ವೇಗ ಸುಮಾರು 350 ಮೀಟರ್. ಒಂದು ಭಾರದಿಂದ, ಇನ್ನೊಂದು ವೇಗದಿಂದ ಪಡೆಯುವ ಶಕ್ತಿ ಹೆಚ್ಚುಕಡಿಮೆ ಸಮ: 500 ಜೌಲ್‌ನ ಆಸುಪಾಸು. ನಮ್ಮಲ್ಲಿ ನಾಗರಿಕರಿಗೆ ಪರವಾನಗಿಯ ಮೇಲೆ ದೊರೆಯುವ .32 ರಿವಾಲ್ವರಿನದು ಅದರ ಮೂರನೆಯ ಒಂದು ಭಾಗದಷ್ಟು. ಆಂಡರ್ಸನ್ ಅವರ ರೈಫಲ್ಲಾದರೋ 19 ಗ್ರಾಂನ ಗುಂಡನ್ನು 670 ಮೀಟರ್ ವೇಗದಲ್ಲಿ ಸಿಡಿಸುತ್ತಿತ್ತು. ಶಕ್ತಿ 4,300 ಜೌಲ್‌ಗೂ ಮಿಗಿಲು. ಹುಲಿಯೆದುರು ಪಿಸ್ತೂಲನ್ನು ನೆಚ್ಚಲಾಗದು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಹಾಗೆಂದು ಶಕ್ತಿಯೊಂದೇ ನಿರ್ಣಾಯಕವಲ್ಲ. ಗುಂಡು ಹೃದಯವನ್ನೋ ಮಿದುಳನ್ನೋ ತಲುಪದಿದ್ದರೆ ಎಂತಹ ಕೋವಿಯೂ ವ್ಯರ್ಥ. ಈ ಸತ್ಯದ ಬೆಲೆಯನ್ನು ತೆತ್ತವರು ಹಳ್ಳಿಗರು. ಯಲ್ಲಾಪುರದ ಅರಬೈಲ್ ಘಟ್ಟದಿಂದ ಆಗುಂಬೆಯವರೆಗೂ ಮಲೆನಾಡಿನ ರೈತರು ಬೆಳೆ ಕಾಯಲು ನೆಚ್ಚಿದ್ದು ಕೇಪಿನ ಕೋವಿಯನ್ನು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬುವ ಈ ಕೋವಿ ಹಂದಿಯನ್ನು ಹೆದರಿಸೀತು. ದೊಡ್ಡ ಮೃಗವನ್ನು ಕೊಲ್ಲದೆ ಗಾಯಗೊಳಿಸುವುದೇ ಹೆಚ್ಚು. ಕಾಲೋ ದವಡೆಯೋ ಮುರಿದ ಹುಲಿ, ಚಿರತೆಗಳು ಸಹಜ ಬೇಟೆ ಸಾಧ್ಯವಾಗದೆ ಮನುಷ್ಯನತ್ತ ತಿರುಗುತ್ತವೆ. ನರಭಕ್ಷಕಗಳು ಹುಟ್ಟುವುದಲ್ಲ, ಬಹುಪಾಲು ಮನುಷ್ಯನ ಕೈಯಿಂದಲೇ ರೂಪುಗೊಳ್ಳುತ್ತವೆ ಎಂಬುದು ಆಂಡರ್ಸನ್ ಬರಹಗಳ ತಿರುಳು. ಗಾಯಗೊಂಡ ಪ್ರಾಣಿಯನ್ನು ಕಾಲ್ನಡಿಗೆಯಲ್ಲೇ ಹಿಂಬಾಲಿಸಿ ಅದರ ನೋವನ್ನು ಮುಗಿಸುವುದು ಬೇಟೆಗಾರನ ಕರ್ತವ್ಯವೆಂದು ಅವರು ನಂಬಿದ್ದರು.

ಎಮ್ಮೆದೊಡ್ಡಿ, ಜಾಲಹಳ್ಳಿ, ದೇವರಾಯನದುರ್ಗದಂತಹ ಊರುಗಳ ಹೆಸರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಅವರ ಮೊದಲ ಕೃತಿ 1954ರಲ್ಲಿ ಪ್ರಕಟವಾಯಿತು. ಕಾಡು ಕರಗುತ್ತಿರುವುದನ್ನು ಕಂಡ ಅವರು ವನ್ಯಜೀವಿಗಳ ಉಳಿವಿನ ಪರವಾಗಿ ಬರೆದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಹುಲಿ ಬೇಟೆಯ ಯುಗ ಮುಗಿಯಿತು. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಆಂಡರ್ಸನ್ ಕೊನೆಯುಸಿರೆಳೆದರು. ಪಿಸ್ತೂಲಾಗಲಿ ರೈಫಲ್ಲಾಗಲಿ, ಗುಂಡಿನ ಗಾತ್ರಕ್ಕಿಂತ ಅದನ್ನು ಹಾರಿಸುವವನ ಹೊಣೆ ದೊಡ್ಡದೆಂಬ ಪಾಠ ಅವರ ಕಥೆಗಳಲ್ಲಿ ಉಳಿದಿದೆ.