ಕಾರ್ಲ್ ಪಿಯರ್ಸನ್: ವಿಚಲನೆಗೆ ಅಳತೆಗೋಲನ್ನಿತ್ತ ಗಣಿತಜ್ಞ

ರಕ್ತಪರೀಕ್ಷೆಯ ವರದಿಯಲ್ಲಿ ರೋಗಿಯ ಅಂಕಿಯ ಮಗ್ಗುಲಲ್ಲೇ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಎರಡು ಎಲ್ಲೆಗಳು ಅಚ್ಚಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ಅಂಕಿ ಆ ಎಲ್ಲೆಗಳ ಒಳಗಿದ್ದರೆ ನಿಶ್ಚಿಂತೆ, ಹೊರಗಿದ್ದರೆ ಕಳವಳ. ಆ ಎಲ್ಲೆಗಳನ್ನು ಯಾವ ಆಧಾರದಿಂದ ಹಾಕಿದರೆಂದು ವಿಚಾರಿಸುವವರು ಮಾತ್ರ ವಿರಳ. ಅವುಗಳಲ್ಲಿ ಬಹುಭಾಗದ ಹಿಂದೆ ಇರುವುದು ಮಾನಕ ವಿಚಲನೆ ಎಂಬ ಒಂದು ಗಣಿತಪರಿಮಾಣ. ಅದಕ್ಕೆ ಆ ಹೆಸರನ್ನೂ, ಸಿಗ್ಮಾ ಎಂಬ ಗ್ರೀಕ್ ಅಕ್ಷರದ ಸಂಕೇತವನ್ನೂ ಕೊಟ್ಟವನು ಕಾರ್ಲ್ ಪಿಯರ್ಸನ್.

ಈತನು 1857ನೆಯ ಇಸವಿ ಮಾರ್ಚ್ 27ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ವಿಲಿಯಂ ಪಿಯರ್ಸನ್ ನ್ಯಾಯವಾದಿ. ಈತನ ಬಾಲ್ಯದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಹೆಬ್ಬೆರಳನ್ನು ಚೀಪುತ್ತಿದ್ದ ಮಗುವಿಗೆ ಯಾರೋ ಹಿರಿಯರು, ಹೀಗೆಯೇ ಚೀಪುತ್ತಿದ್ದರೆ ಬೆರಳು ಕೃಶವಾಗಿ ಹೋದೀತೆಂದು ಹೆದರಿಸಿದರಂತೆ. ಮಗು ಎರಡು ಹೆಬ್ಬೆರಳುಗಳನ್ನೂ ಜೋಡಿಸಿಟ್ಟು ಬಹುಹೊತ್ತು ನೋಡಿ, ಎರಡೂ ಸಮವಾಗಿಯೇ ಇರುವುದನ್ನು ಕಂಡು, ಹಿರಿಯರು ತನಗೆ ಸುಳ್ಳು ಹೇಳುತ್ತಿರಬಹುದೇ ಎಂದು ಶಂಕಿಸಿತಂತೆ. ವೃದ್ಧಾಪ್ಯದಲ್ಲಿ ಆತನೇ ಹೇಳಿಕೊಂಡ ಈ ನೆನಪಿನಲ್ಲಿ ಆತನ ಸ್ವಭಾವವೆಲ್ಲ ಅಡಗಿದೆ. ಅಧಿಕಾರವುಳ್ಳವರ ಮಾತಿಗಿಂತ ಅಳೆದು ನೋಡಿದುದೇ ಆತನಿಗೆ ಪ್ರಮಾಣ.

ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1879ರ ಗಣಿತಪರೀಕ್ಷೆಯಲ್ಲಿ ಮೂರನೆಯ ಸ್ಥಾನವನ್ನು ಪಡೆದನು. ಬಳಿಕ ಜರ್ಮನಿಗೆ ತೆರಳಿ ಭೌತಶಾಸ್ತ್ರ, ರೋಮನ್ ನ್ಯಾಯಶಾಸ್ತ್ರ, ಪ್ರಾಚೀನ ಜರ್ಮನ್ ಸಾಹಿತ್ಯ ಎಂದು ಹಲವು ದಿಕ್ಕುಗಳಲ್ಲಿ ಓದಿದನು. ಜರ್ಮನರ ಧಾರ್ಮಿಕ ನಾಟಕಗಳನ್ನು ಕುರಿತು ಈತ ಬರೆದ ಪ್ರಬಂಧವೂ ಉಂಟು. ಗಣಿತಜ್ಞರೆಲ್ಲ ಸಾಹಿತ್ಯವಿಮುಖರೆಂದು ಭಾವಿಸುವ ನಮ್ಮಂತಹ ಪಂಡಿತರು ಇದನ್ನು ಗಮನಿಸತಕ್ಕದ್ದು. 1884ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅನ್ವಿತ ಗಣಿತದ ಪ್ರಾಧ್ಯಾಪಕನಾದನು. 1892ರಲ್ಲಿ ಪ್ರಕಟವಾದ ‘ವಿಜ್ಞಾನದ ವ್ಯಾಕರಣ’ ಎಂಬ ಅರ್ಥದ ಹೆಸರುಳ್ಳ ಗ್ರಂಥ ಈತನಿಗೆ ಕೀರ್ತಿ ತಂದಿತು.

ಆ ವೇಳೆಗೆ ಅದೇ ಕಾಲೇಜಿಗೆ ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞನು ಬಂದಿದ್ದನು. ಆತನು ನೇಪಲ್ಸಿನ ಕಡಲತೀರದಲ್ಲಿ ಸಾವಿರ ಏಡಿಗಳನ್ನು ಹಿಡಿದು ಅವುಗಳ ಅಂಗಾಂಗಗಳನ್ನು ಅಳೆದಿದ್ದನು. ಹಣೆಯ ಅಗಲವೊಂದರ ಹೊರತು ಮಿಕ್ಕ ಅಳತೆಗಳು ನಡುವೆ ಎತ್ತರವಾಗಿ ಇಕ್ಕೆಲದಲ್ಲೂ ಸಮವಾಗಿ ಇಳಿಯುವ ಗಂಟೆಯಾಕಾರದ ರೇಖೆಗೆ ಹೊಂದಿಕೊಂಡುವು. ಹಣೆಯ ಅಗಲದ ರೇಖೆ ಮಾತ್ರ ಒಂದು ಮಗ್ಗುಲಿಗೆ ವಾಲಿತ್ತು. ಇಲ್ಲಿ ಎರಡು ಕುಲದ ಏಡಿಗಳು ಬೆರೆತಿವೆಯೇ ಎಂಬ ಪ್ರಶ್ನೆಯನ್ನು ವೆಲ್ಡನ್ನನು ಗೆಳೆಯನ ಮುಂದಿಟ್ಟನು. ಅದಕ್ಕೆ ಉತ್ತರವನ್ನು ಹುಡುಕುತ್ತ ಪಿಯರ್ಸನ್ನನು ಯಂತ್ರಶಾಸ್ತ್ರವನ್ನು ಬಿಟ್ಟು ಸಂಖ್ಯಾಶಾಸ್ತ್ರದ ಹಾದಿಯನ್ನು ಹಿಡಿದನು. 1893ರ ಒಂದು ಉಪನ್ಯಾಸದಲ್ಲಿ ಮಾನಕ ವಿಚಲನೆಯೆಂಬ ಪದವನ್ನು ಬಳಸಿದನು. 1894ರಲ್ಲಿ ಅದು ಅಚ್ಚಾಯಿತು.

ಈ ಪದವನ್ನು ತುಸು ಬಿಡಿಸಿ ನೋಡುವುದು ಯುಕ್ತ. ಚಲ ಎಂಬ ಧಾತುವಿಗೆ ವಿ ಎಂಬ ಉಪಸರ್ಗ ಸೇರಿ ವಿಚಲನೆಯಾಯಿತು: ನೆಲೆಯಿಂದ ಕದಲುವುದು ಎಂದರ್ಥ. ಇಂಗ್ಲಿಷಿನ ಮಾತಿನ ಲ್ಯಾಟಿನ್ ಮೂಲದಲ್ಲಿ ದಾರಿಯಿಂದ ಅತ್ತ ಸರಿಯುವುದು ಎಂಬ ಭಾವವಿದೆ. ವೈದ್ಯರು ಈ ಮಾತನ್ನು ದೋಷದ ಅರ್ಥದಲ್ಲಿಯೇ ಬಹುಕಾಲದಿಂದ ಬಳಸುತ್ತ ಬಂದವರು. ಮೂಗಿನ ನಡುಗೋಡೆ ಒಂದು ಪಕ್ಕಕ್ಕೆ ವಾಲಿದರೆ ವಿಚಲನೆ, ಕಣ್ಣಿನ ಗುಡ್ಡೆ ಓರೆಯಾದರೆ ವಿಚಲನೆ, ಹೃದಯದ ವಿದ್ಯುತ್ತಿನ ಅಕ್ಷ ಎಡಕ್ಕೋ ಬಲಕ್ಕೋ ಸರಿದರೆ ಅದೂ ವಿಚಲನೆ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ದೋಷದ ಸೋಂಕಿಲ್ಲ. ಸರಾಸರಿಗೂ ಒಂದು ಬಿಡಿ ಅಳತೆಗೂ ಇರುವ ಅಂತರವಷ್ಟೇ ಅದು.

ಐವರ ನಾಡಿಬಡಿತ ನಿಮಿಷಕ್ಕೆ 68, 70, 72, 74, 76 ಎಂದಿಟ್ಟುಕೊಳ್ಳೋಣ. ಸರಾಸರಿ 72. ಬೇರೆ ಐವರ ನಾಡಿ 52, 62, 72, 82, 92 ಎಂದಿರಲಿ. ಅಲ್ಲಿಯೂ ಸರಾಸರಿ 72. ಸರಾಸರಿಯೊಂದನ್ನೇ ನೋಡುವವನಿಗೆ ಎರಡು ಗುಂಪುಗಳೂ ಒಂದೇ. ಪ್ರತಿಯೊಂದರ ಅಂತರವನ್ನು ತೆಗೆದು ಕೂಡಿಸಿದರೆ ಹೆಚ್ಚು ಕಡಮೆಗಳು ಪರಸ್ಪರ ಹೊಡೆದುಹೋಗಿ ಸೊನ್ನೆಯೇ ಉಳಿಯುತ್ತದೆ. ಆದ್ದರಿಂದ ಅಂತರಗಳನ್ನು ವರ್ಗಮಾಡಿ, ಆ ವರ್ಗಗಳ ಸರಾಸರಿಯನ್ನು ತೆಗೆದು, ಅದರ ವರ್ಗಮೂಲವನ್ನು ಕಾಣಬೇಕು. ಮೊದಲ ಗುಂಪಿನಲ್ಲಿ ವರ್ಗಗಳ ಮೊತ್ತ 40, ಸರಾಸರಿ 8, ಮೂಲ ಸುಮಾರು 2.8. ಎರಡನೆಯದರಲ್ಲಿ ಮೊತ್ತ 1000, ಸರಾಸರಿ 200, ಮೂಲ ಸುಮಾರು 14.1. ಮರೆಯಲ್ಲಿದ್ದ ಭೇದ ಈಗ ಬಯಲಾಯಿತು. ಈ ಲೆಕ್ಕದ ಬೀಜ ಗೌಸ್ ಮೊದಲಾದವರಲ್ಲಿ ಇತ್ತೆಂಬುದು ನಿಜ. ಆದರೆ ಅವರು ಅದನ್ನು ತಪ್ಪು ಎಂಬ ಹೆಸರಿನಿಂದ ಕರೆದಿದ್ದರು. ನಕ್ಷತ್ರವನ್ನು ನೋಡುವವನ ಕಣ್ಣು ಮಾಡುವ ತಪ್ಪು. ಏಡಿಯ ಹಣೆ ಅಗಲವಾದುದು ಯಾರ ತಪ್ಪು? ಜೀವಿಗಳಲ್ಲಿ ಭೇದವೇ ಪ್ರಕೃತಿಧರ್ಮವೆಂದು ಬಗೆದ ಪಿಯರ್ಸನ್ನನು ತಪ್ಪೆಂಬ ಮಾತನ್ನು ತೆಗೆದು ವಿಚಲನೆಯೆಂಬ ಮಾತನ್ನಿಟ್ಟನು. ನನ್ನ ದೃಷ್ಟಿಯಲ್ಲಿ ಈ ನಾಮಕರಣವು ಆತನ ಸೂತ್ರಗಳಷ್ಟೇ ದೊಡ್ಡದು.

ಗಂಟೆಯಾಕಾರದ ರೇಖೆಯಲ್ಲಿ ಸರಾಸರಿಯ ಎರಡೂ ಬದಿಗೆ ಒಂದೊಂದು ಮಾನಕ ವಿಚಲನೆಯಷ್ಟು ಹೋದರೆ ನೂರಕ್ಕೆ ಸುಮಾರು 68 ಮಂದಿ, ಎರಡೆರಡು ಹೋದರೆ ಸುಮಾರು 95 ಮಂದಿ ಒಳಗೊಳ್ಳುತ್ತಾರೆ. ವೈದ್ಯರ ವರದಿಯ ಎಲ್ಲೆಗಳು ಬಹುಮಟ್ಟಿಗೆ ಆರೋಗ್ಯವಂತರಲ್ಲಿ ಈ 95 ಮಂದಿಯನ್ನು ಒಳಗೊಳ್ಳುವಂತೆ ಹಾಕಿದವು. ಎಂದಮೇಲೆ ಯಾವ ರೋಗವೂ ಇಲ್ಲದ ನೂರರಲ್ಲಿ ಐವರು ಎಲ್ಲೆಯ ಹೊರಗೆ ಬಿದ್ದೇ ಬೀಳುವರು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿದ ಆರೋಗ್ಯವಂತನಿಗೆ ಒಂದಾದರೂ ಎಲ್ಲೆ ಮೀರುವ ಸಂಭವ ನೂರಕ್ಕೆ 64. ಇದನ್ನರಿಯದೆ ಎಷ್ಟು ಮಂದಿ ನಿದ್ದೆಗೆಟ್ಟಿರುವರೋ! ಎಲ್ಲ ಅಳತೆಗಳೂ ಗಂಟೆಯ ಆಕಾರಕ್ಕೆ ಒಗ್ಗುವುದೂ ಇಲ್ಲ. ವಾಲಿದ ರೇಖೆಗಳಿಗಾಗಿಯೇ 1895ರಲ್ಲಿ ಪಿಯರ್ಸನ್ನನು ಬೇರೊಂದು ರೇಖಾಕುಲವನ್ನು ರಚಿಸಿದನು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಶಿಶುಬೆಳವಣಿಗೆಯ ಮಾನಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರವು ಮಧ್ಯಮಾನಕ್ಕಿಂತ ಎರಡು ಮಾನಕ ವಿಚಲನೆಗಿಂತಲೂ ಕೆಳಗಿದ್ದರೆ ಮಗುವಿನ ಬೆಳವಣಿಗೆ ಕುಂಠಿತವೆಂದೂ, ಮೂರಕ್ಕಿಂತ ಕೆಳಗಿದ್ದರೆ ತೀವ್ರವಾಗಿ ಕುಂಠಿತವೆಂದೂ ಗಣನೆ. ಮೂಳೆಸವೆತದ ನಿರ್ಣಯದಲ್ಲಿಯೂ ಎರಡೂವರೆ ವಿಚಲನೆಯ ಕೆಳಗಣ ಗಡಿಯೇ ಆಧಾರ.

ವೈದ್ಯವಿದ್ಯೆಯೊಡನೆ ಪಿಯರ್ಸನ್ನನ ನೇರವಾದ ಮುಖಾಮುಖಿ ನಡೆದುದು 1904ರಲ್ಲಿ. ಆಲ್ಮ್‌ರಾತ್ ರೈಟ್ ಎಂಬ ಖ್ಯಾತ ವೈದ್ಯನು ವಿಷಮಶೀತಜ್ವರಕ್ಕೆ ಚುಚ್ಚುಮದ್ದನ್ನು ಸಿದ್ಧಪಡಿಸಿದ್ದನು. ದಕ್ಷಿಣ ಆಫ್ರಿಕದಲ್ಲಿಯೂ ನಮ್ಮ ದೇಶದಲ್ಲಿಯೂ ಇದ್ದ ಬ್ರಿಟಿಷ್ ಪಡೆಗಳಲ್ಲಿ ಅದನ್ನು ಹಾಕಿಸಿಕೊಂಡವರ, ಹಾಕಿಸಿಕೊಳ್ಳದವರ ಲೆಕ್ಕಗಳು ಪಿಯರ್ಸನ್ನನ ಮೇಜಿಗೆ ಬಂದುವು. ಸಾವಿರಾರು ಸೈನಿಕರ ಪ್ರಾಣದ ಮಾತು. ಬೇರೆಬೇರೆ ಪಡೆಗಳ ಅಂಕಿಗಳನ್ನು ಒಂದೊಂದಾಗಿ ಗಣಿಸಿ, ಬಳಿಕ ಅವೆಲ್ಲವುಗಳ ಸರಾಸರಿ ತೆಗೆದನು. ಹಲವು ಅಧ್ಯಯನಗಳ ಫಲವನ್ನು ಒಂದುಗೂಡಿಸಿ ನೋಡುವ ಇಂದಿನ ಪದ್ಧತಿಗೆ ಇದನ್ನೇ ಮೊದಲ ನಿದರ್ಶನವೆಂದು ಹಲವರು ಹೇಳುತ್ತಾರೆ. ಮದ್ದಿನಿಂದ ರಕ್ಷಣೆ ಇರುವಂತೆ ಕಂಡರೂ ಅದು ದುರ್ಬಲ, ಪಡೆಯಿಂದ ಪಡೆಗೆ ಏರುಪೇರಾಗಿದೆ. ತಾವಾಗಿ ಮದ್ದು ಹಾಕಿಸಿಕೊಂಡವರು ಸ್ವಭಾವತಃ ಹೆಚ್ಚು ಎಚ್ಚರಿಕೆಯುಳ್ಳವರೂ ಆಗಿರಬಹುದು. ಆದುದರಿಂದ ಮುಂದೆ ಬಂದವರ ಪಟ್ಟಿ ಮಾಡಿ ಒಬ್ಬನನ್ನು ಬಿಟ್ಟು ಒಬ್ಬನಿಗೆ ಹಾಕಿ ಪರೀಕ್ಷಿಸಬೇಕೆಂಬುದು ಆತನ ಸಲಹೆ. ರೈಟನು ಕೆರಳಿದನು, ವೈದ್ಯಪತ್ರಿಕೆಯಲ್ಲಿ ವಾಗ್ವಾದ ನಡೆಯಿತು. ಮದ್ದು ಕೆಲಸ ಮಾಡುತ್ತಿತ್ತೆಂಬುದು ಮುಂದಿನ ದಶಕದ ಮಹಾಯುದ್ಧದ ಹೊತ್ತಿಗೆ ಸ್ಪಷ್ಟವಾಯಿತು. ಹಾಗಾದರೆ ಪಿಯರ್ಸನ್ ಸೋತನೇ? ಫಲದಲ್ಲಿ ರೈಟನದು ಸರಿ, ವಿಧಾನದಲ್ಲಿ ಪಿಯರ್ಸನ್ನನದು ಸರಿಯೆಂದೇ ನಾನು ಭಾವಿಸುತ್ತೇನೆ.

ದುಡಿಮೆಯಲ್ಲಿ ಈತನಿಗೆ ಸಾಟಿಯಿರಲಿಲ್ಲ. 1900ರಲ್ಲಿ ಕೈ-ವರ್ಗ ಪರೀಕ್ಷೆ, 1901ರಲ್ಲಿ ವೆಲ್ಡನ್ ಮತ್ತು ಗಾಲ್ಟನ್ನರ ಜೊತೆಗೂಡಿ ‘ಬಯೊಮೆಟ್ರಿಕ’ ಪತ್ರಿಕೆ, 1911ರಲ್ಲಿ ಗಾಲ್ಟನ್ನನ ಉಯಿಲಿನ ಹಣದಿಂದ ಸ್ಥಾಪಿತವಾದ ಪೀಠ. ಸರ್ಕಾರವಿತ್ತ ನೈಟ್ ಪದವಿಯನ್ನು 1935ರಲ್ಲಿ ನಿರಾಕರಿಸಿದನು. ವಿಮರ್ಶೆಯನ್ನು ಸಹಿಸುವ ಗುಣ ಮಾತ್ರ ಈತನಲ್ಲಿ ಇರಲಿಲ್ಲ. ರೊನಾಲ್ಡ್ ಫಿಶರ್‌ನೊಡನೆ ಹಗೆ ಕಡೆಯವರೆಗೂ ಉಳಿಯಿತು.

ಇನ್ನು ಮರೆಮಾಚಲಾಗದ ಮಾತೊಂದಿದೆ. ಆ ಪೀಠದ ಹೆಸರೇ ಸುಜನನಶಾಸ್ತ್ರದ ಪೀಠ. ಮನುಷ್ಯರಲ್ಲಿ ಉತ್ತಮ ಕುಲ ಹೆಚ್ಚಬೇಕು, ಕೀಳು ಕುಲ ಕುಗ್ಗಬೇಕು ಎಂಬ ವಾದವನ್ನು ಪಿಯರ್ಸನ್ನನು ಜೀವಮಾನವಿಡೀ ಎತ್ತಿಹಿಡಿದನು. 1925ರಲ್ಲಿ ಲಂಡನ್ನಿಗೆ ವಲಸೆ ಬಂದ ಯೆಹೂದ್ಯರ ಮಕ್ಕಳನ್ನು ಅಳೆದು, ಅವರು ಸ್ಥಳೀಯರಿಗಿಂತ ಕೆಳಗಿನವರೆಂಬ ತೀರ್ಮಾನವನ್ನು ಸಹಲೇಖಕಿಯೊಡನೆ ಪ್ರಕಟಿಸಿದನು. ವಿಚಲನೆಯಿಂದ ದೋಷದ ಕಳಂಕವನ್ನು ತೊಡೆದವನೇ ಮನುಷ್ಯರ ವಿಷಯಕ್ಕೆ ಬಂದಾಗ ಅದನ್ನು ಮತ್ತೆ ಬಳಿದನು. ಸಿಗ್ಮಾ ಎಷ್ಟು ದೂರವೆಂದು ಹೇಳಬಲ್ಲುದು. ಮೇಲು ಯಾವುದು ಕೀಳು ಯಾವುದು ಎಂದು ಹೇಳಲು ಅದಕ್ಕೆ ನಾಲಗೆಯಿಲ್ಲ. ಕುಲದ ಹೆಸರಿನಲ್ಲಿ ಮನುಷ್ಯರನ್ನು ಅಳೆಯುವುದನ್ನು ಎಂಟು ಶತಮಾನಗಳ ಹಿಂದೆಯೇ ಒಲ್ಲೆನೆಂದ ಶರಣರ ನಾಡಿನವರಾದ ನಮಗೆ ಇದು ಹೆಚ್ಚು ನೋವಿನ ವಿಷಯ. ಯೂನಿವರ್ಸಿಟಿ ಕಾಲೇಜು ತನ್ನ ಕಟ್ಟಡಕ್ಕಿಟ್ಟಿದ್ದ ಪಿಯರ್ಸನ್ನನ ಹೆಸರನ್ನು 2020ರಲ್ಲಿ ತೆಗೆದುಹಾಕಿತು.

1933ರಲ್ಲಿ ನಿವೃತ್ತನಾದ ಪಿಯರ್ಸನ್ 1936ರ ಏಪ್ರಿಲ್ 27ರಂದು ತೀರಿಕೊಂಡನು. ಆತನ ಪತ್ರಿಕೆಯನ್ನು ಓದಿ ಸಂಖ್ಯಾಶಾಸ್ತ್ರಕ್ಕೆ ಒಲಿದು, ಕೆಲಕಾಲ ಆತನ ಪ್ರಯೋಗಶಾಲೆಯಲ್ಲಿಯೂ ಇದ್ದ ಪ್ರಶಾಂತಚಂದ್ರ ಮಹಲನೋಬಿಸರು ಅದೇ 1936ರಲ್ಲಿ, ಹಲವು ಅಳತೆಗಳನ್ನು ಒಟ್ಟಿಗಿಟ್ಟುಕೊಂಡು ಎರಡು ಗುಂಪುಗಳ ಅಂತರವನ್ನು ವಿಚಲನೆಯ ಮಾನದಿಂದಲೇ ಅಳೆಯುವ ಸೂತ್ರವನ್ನು ಪ್ರಕಟಿಸಿದರು. 1946ರಲ್ಲಿ ಆ ಸೂತ್ರವನ್ನು ಕೇಂಬ್ರಿಜ್ಜಿಗೆ ಒಯ್ದು, ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತಂದ ಪ್ರಾಚೀನ ಅಸ್ಥಿಗಳ ಅಧ್ಯಯನಕ್ಕೆ ಬಳಸಿದವರು ಸಿ. ಆರ್. ರಾವ್, ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ.