ಅಲ್ಲಮನ ಒಲವು

ಕೆಲವು ವರ್ಷಗಳ ಹಿಂದೆ ಗದಗಿನ ನಮ್ಮ ಕಾಲೇಜಿನಲ್ಲಿ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಪಾಠ ಹೇಳುತ್ತಿದ್ದೆ. ಮಾಯಾದೇವಿಯ ಕೈಗೆ ಸಿಕ್ಕದೆ ಅಲ್ಲಮಪ್ರಭು ಜಾರಿಹೋಗುವ ಸಂದರ್ಭವದು. ಮುಂಡರಗಿಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಅಲ್ಲಮನಿಗೆ ಒಲವೆಂದರೆ ಭಯವಿತ್ತೇ ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನು ನಗಲಾರದೆ ಹೋದೆ. ಓದುವ ದಿನಗಳಲ್ಲಿ ಒಂದು ಸ್ನೇಹವು ಒಲವಾಗಿ ತಿರುಗುತ್ತಿರುವುದನ್ನು ಕಂಡು ಹೆದರಿ ದೂರ ಸರಿದವನು ನಾನು. ಆ ಹೆದರಿಕೆಗೆ ವೈರಾಗ್ಯವೆಂದು ಹೆಸರಿಟ್ಟು, ಅಲ್ಲಮನನ್ನೇ ಸಾಕ್ಷಿಗೆ ಕರೆದುಕೊಂಡಿದ್ದೆ.

ಆ ರಾತ್ರಿ ಹರಿಹರನ ‘ಪ್ರಭುದೇವರ ರಗಳೆ’ಯನ್ನು ಮತ್ತೆ ತೆರೆದೆ. ಅಲ್ಲಮನು 12ನೆಯ ಶತಮಾನದವನು. ಹರಿಹರನು ಆತನ ಕಾಲಕ್ಕೆ ಹತ್ತಿರದ ಕವಿ. ಈತನು ಹೇಳುವ ಕಥೆಯೇ ಬೇರೆ. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಹುಟ್ಟಿದ ಅಲ್ಲಮನು ಮದ್ದಳೆಯ ಜಾಣ. ಕಮಲತೆಯೆಂಬ ತರುಣಿಯನ್ನು ಕಂಡು ಮನಸೋತನು, ಆಕೆಯೂ ಸೋತಳು. ಲೋಕದ ಪರಿವೆಯಿಲ್ಲದೆ ಇಬ್ಬರೂ ಸುಖದಲ್ಲಿ ಮುಳುಗಿದ್ದಾಗ ಜ್ವರ ಬಂದು ಕಮಲತೆ ತೀರಿಕೊಂಡಳು.

ಅಲ್ಲಮನು ಮರುಳನಂತೆ ಅಲೆದನು. ಒಂದು ದಿನ ಶೋಕದಿಂದ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನಿನ ಕಲಶವೊಂದು ಕಾಣಿಸಿತು. ಅಗೆಯಿಸಿದರೆ ಮಣ್ಣಿನಡಿಯಲ್ಲಿ ದೇಗುಲ. ಒಳಗೆ ರೆಪ್ಪೆಯಲುಗದೆ ಕುಳಿತ ಅನಿಮಿಷಯೋಗಿ, ಆತನ ಕರತಲದಲ್ಲಿ ಲಿಂಗ. ಆ ಲಿಂಗವು ಅಲ್ಲಮನ ಕೈಸೇರಿದಾಗ ಯೋಗಿಯ ಪ್ರಾಣ ಹೋಯಿತು. ಬಳ್ಳಿಗಾವೆಯ ಮದ್ದಳೆಗಾರನು ಗುಹೇಶ್ವರನ ಶರಣನಾದನು. ಮುಂದೆ ಕಲ್ಯಾಣದ ಶೂನ್ಯಸಿಂಹಾಸನ, ಕೊನೆಗೆ ಶ್ರೀಶೈಲದ ಕದಳಿ, ಇವು ಪರಂಪರೆಯು ಹೇಳುವ ಸಂಗತಿಗಳು.

ಚಾಮರಸನು ಬರೆದುದು ಸುಮಾರು 1430ರಲ್ಲಿ, ನಮ್ಮ ಗದುಗಿನ ನಾರಣಪ್ಪನು ಬಳಸಿದ ಭಾಮಿನಿ ಷಟ್ಪದಿಯಲ್ಲಿಯೇ. ಇಲ್ಲಿ ಕಮಲತೆಯಿಲ್ಲ. ಬನವಸೆಯ ಮಮಕಾರರಾಯನ ಮಗಳು ಮಾಯೆ ಇದ್ದಾಳೆ. ಬಯಕೆಯೆಲ್ಲ ಅವಳದು, ಅಲ್ಲಮನಿಗೆ ಅದು ಸೋಂಕದು. ಕಾವ್ಯವು ಮಹತ್ತಾದುದು, ಅದರ ತತ್ತ್ವವೂ ಗಹನವಾದುದು. ಆದರೂ ತಮ್ಮ ಗುರುವು ಒಬ್ಬ ಹೆಣ್ಣಿಗಾಗಿ ಅತ್ತಿದ್ದನೆಂಬುದನ್ನು ಭಕ್ತರ ಮನಸ್ಸು ಸಹಿಸದೆ ಹೋಯಿತೇನೋ ಎಂದು ನನಗೆ ತೋರುತ್ತದೆ. ಅಲ್ಲಮನಾದರೋ ತನ್ನ ವಚನದಲ್ಲಿ ಹೆಣ್ಣನ್ನು ಮಾಯೆಯೆನ್ನಲು ಒಪ್ಪಲಿಲ್ಲ. ಮನದ ಆಸೆಯನ್ನೇ ಮಾಯೆಯೆಂದನು. ಒಲಿದು ಕಳೆದುಕೊಂಡವನಿಗೆ ಮಾತ್ರ ಈ ನ್ಯಾಯಬುದ್ಧಿ ಸಾಧ್ಯ. ಹೆದರಿ ಓಡಿದವನು ತಾನು ಯಾವುದಕ್ಕೆ ಹೆದರಿದನೋ ಅದನ್ನೇ ದೂರುತ್ತ ಕಾಲ ಕಳೆಯುತ್ತಾನೆ. ಹಾಗೆ ಕಾಲ ಕಳೆದವನಾದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಮರುದಿನ ಆ ಹುಡುಗನಿಗೆ, ಅಲ್ಲಮನಿಗೆ ಭಯವಿರಲಿಲ್ಲ, ಪಾಠ ಹೇಳುವವನಿಗೆ ಇತ್ತು ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಕಮಲತೆಯ ಕಥೆಯನ್ನು ಹೇಳಿದೆ. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.