ಮೈಸೂರು ಸೀಮೆಯ ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ

ಹಾಸನ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಹಳೆಯ ದೇವಾಲಯ ಮೇಲ್ಛಾವಣಿಯಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದರ ಗೋಡೆಗಳು ನೀರಿನೊಳಗೆ ಇಳಿಯುತ್ತವೆ. ಬೇಸಿಗೆಯಲ್ಲಿ ನೀರು ಸರಿದಾಗ ಕಮಾನುಗಳೂ ಕಂಬಗಳೂ ಮತ್ತೆ ಕಾಣಿಸಿಕೊಳ್ಳುತ್ತವೆ. ಈ ದೃಶ್ಯವನ್ನು ನೋಡಲು ದೂರದೂರುಗಳಿಂದ ಜನ ಬರುತ್ತಾರೆ. ಆದರೆ ಆ ಗೋಡೆಗಳು ಏಳುವುದಕ್ಕೆ ಅರ್ಧ ಶತಮಾನ ಮೊದಲೇ ಆ ಸೀಮೆಯ ಕ್ರೈಸ್ತರಿಗೆ ಉಳುವ ನೆಲವನ್ನೂ ಬಾಳುವ ಧೈರ್ಯವನ್ನೂ ಒದಗಿಸಿದ ಗುರುವೊಬ್ಬರನ್ನು ನೆನೆಯುವವರು ಕಡಿಮೆ. ಅವರೇ ಅಬ್ಬೆ ದುಬ್ವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು.

ಪಾಳುಬಿದ್ದ ದೇವಾಲಯಗಳು ಲೋಕದಲ್ಲಿ ಬಹಳ ಇವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಪ್ರಧಾನಾಲಯ 1318ರಲ್ಲಿ ರಾಜ ರಾಬರ್ಟ್ ಬ್ರೂಸನ ಸಮ್ಮುಖದಲ್ಲಿ ಪ್ರತಿಷ್ಠೆಗೊಂಡಿತು; 1559ರ ಧಾರ್ಮಿಕ ಕ್ಷೋಭೆಯಲ್ಲಿ ಕೊಳ್ಳೆಹೋಗಿ ಕ್ರಮೇಣ ಪಾಳಾಯಿತು. ಛಾವಣಿ ಬಿದ್ದುಹೋದರೂ ಅದರ ಅಂಗಳ ಸಮಾಧಿಭೂಮಿಯಾಗಿ ಉಳಿಯಿತು. ಪೂಜೆ ನಿಂತುಹೋದ ಗೋಡೆಗಳ ನಡುವೆಯೂ ಊರಿನವರು ತಮ್ಮ ಮೃತರನ್ನು ಮಣ್ಣಿಗೆ ಒಪ್ಪಿಸುತ್ತ ಬಂದರು. ಹೀಗೆ ದೇವಾಲಯ ಹೋದರೂ ಜನ ಅಲ್ಲಿಯೇ ಉಳಿದರು. ಶೆಟ್ಟಿಹಳ್ಳಿಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಇಲ್ಲಿ ಗೋಡೆಗಳು ಉಳಿದವು, ಜನರೇ ಎದ್ದು ಹೋಗಬೇಕಾಯಿತು. ಒಬ್ಬ ಸೇವಕನ ದುಡಿಮೆಯಲ್ಲಿ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬ ಪ್ರಶ್ನೆ ಅಬ್ಬೆ ದುಬ್ವಾ ಅವರ ಬಾಳಿನುದ್ದಕ್ಕೂ ಇದೆ.

ಫ್ರಾನ್ಸಿನಿಂದ ಪುದುಚೇರಿಗೆ

ಜಾನ್ ಆಂತ್ವಾನ್ ದುಬ್ವಾ ಅವರು 1765ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದ ಆರ್ದೆಷ್ ಸೀಮೆಯಲ್ಲಿ ಹುಟ್ಟಿದರು. ಅಬ್ಬೆ ಎಂಬುದು ಆ ನಾಡಿನಲ್ಲಿ ಗುರುಗಳನ್ನು ಗೌರವದಿಂದ ಕರೆಯುವ ಹೆಸರು. ವಿವಿಯೆ ಧರ್ಮಪ್ರಾಂತದಲ್ಲಿ 1792ರಲ್ಲಿ ಗುರುದೀಕ್ಷೆ ಪಡೆದ ಅವರು ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯ ಸದಸ್ಯರಾಗಿ ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. ಅಂದು ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬಿರುಗಾಳಿ ಬೀಸುತ್ತಿತ್ತು. ಗುರುಗಳು ಸೆರೆಮನೆಗೂ ಸಾವಿಗೂ ಗುರಿಯಾಗುತ್ತಿದ್ದ ಕಾಲವದು.

ಯೇಸುಸಭೆಯನ್ನು 1773ರಲ್ಲಿ ಜಗದ್ಗುರುಗಳ ಆಜ್ಞೆಯಿಂದ ವಿಸರ್ಜಿಸಲಾಗಿತ್ತು. ಅವರು ಕಟ್ಟಿದ್ದ ದಕ್ಷಿಣ ಭಾರತದ ಧರ್ಮಕೇಂದ್ರಗಳ ಹೊಣೆ ಪ್ಯಾರಿಸ್ ಸಂಸ್ಥೆಯ ಗುರುಗಳ ಪಾಲಿಗೆ ಬಂದಿತ್ತು. ದುಬ್ವಾ ಅವರು ಮೊದಲು ಪುದುಚೇರಿಯ ಧರ್ಮಪ್ರಚಾರ ಕ್ಷೇತ್ರಕ್ಕೆ ಸೇರಿ ತಮಿಳು ಸೀಮೆಯಲ್ಲಿ ದುಡಿದರು. ಈ ದೇಶದ ಜನರ ಒಳಬಾಳನ್ನು ಅರಿಯದೆ ಅವರಿಗೆ ಏನನ್ನೂ ಬೋಧಿಸಲಾಗದು ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಆದಕಾರಣ ಅವರು ಯೂರೋಪಿಯನ್ನರ ಒಡನಾಟವನ್ನು ದೂರವಿಟ್ಟರು. ನಿಲುವಂಗಿ ತೊಟ್ಟು, ತಲೆಗೆ ಪೇಟ ಸುತ್ತಿ, ಈ ನೆಲದವರ ಉಡಿಗೆ ತೊಡಿಗೆ, ನಡೆ ನುಡಿಗಳನ್ನು ತಮ್ಮದಾಗಿಸಿಕೊಂಡರು. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಅವರ ಭಾವಚಿತ್ರದಲ್ಲಿಯೂ ಅವರು ಇದೇ ವೇಷದಲ್ಲಿ ಕಾಣುತ್ತಾರೆ.

ಚದುರಿದ ಮಂದೆಯ ಕಾವಲು

ಮೈಸೂರು ಸೀಮೆಗೆ ಕಥೋಲಿಕ ಧರ್ಮ ಹೊಸದಾಗಿರಲಿಲ್ಲ. ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಅವರು 17ನೆಯ ಶತಮಾನದ ನಡುಭಾಗದಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಧರ್ಮಕೇಂದ್ರವನ್ನು ಆರಂಭಿಸಿದ್ದರು. ಆದರೆ 18ನೆಯ ಶತಮಾನದ ಕೊನೆಯ ಯುದ್ಧಗಳು ಆ ಸಮುದಾಯವನ್ನು ನುಚ್ಚುನೂರು ಮಾಡಿದವು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಅನೇಕರು ಬಲವಂತಕ್ಕೆ ಒಳಗಾಗಿ ಮತ ಬದಲಿಸಿದರು.

1799ರ ಮೇ 4ರಂದು ಟಿಪ್ಪು ಸುಲ್ತಾನರು ಮಡಿದು ಶ್ರೀರಂಗಪಟ್ಟಣ ಆಂಗ್ಲರ ವಶವಾಯಿತು. ಅಳಿದುಳಿದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಕೆಲಸಕ್ಕೆ ದುಬ್ವಾ ಅವರಿಗೆ ಕರೆ ಬಂದಿತು. ಆ ಕೆಲಸ ಎಷ್ಟು ಸೂಕ್ಷ್ಮವಾದದ್ದೆಂದು ಯೋಚಿಸಿ ನೋಡಬೇಕು. ಸೆರೆಯಿಂದ ಬಿಡುಗಡೆಯಾದವರಿಗೆ ಮನೆಯಿರಲಿಲ್ಲ, ಹೊಲವಿರಲಿಲ್ಲ. ಕುಟುಂಬಗಳು ಒಡೆದುಹೋಗಿದ್ದವು. ಬಲವಂತಕ್ಕೆ ಮಣಿದವರು ದೇವಾಲಯದ ಬಾಗಿಲಿಗೆ ಹೇಗೆ ಬಂದಾರು? ಮಣಿಯದೆ ಕಷ್ಟಪಟ್ಟವರು ಅವರನ್ನು ಪಕ್ಕದಲ್ಲಿ ಹೇಗೆ ಕೂರಿಸಿಕೊಂಡಾರು? ದುಬ್ವಾ ಅವರು ಮತ್ತೆ ಧರ್ಮಸಭೆಗೆ ಬರಲು ಬಯಸಿದವರನ್ನು ಬರಮಾಡಿಕೊಂಡು, ಇಬ್ಬರನ್ನೂ ಒಂದೇ ಬಲಿಪೀಠದ ಮುಂದೆ ಸೇರಿಸಿದರು. ಶ್ರೀರಂಗಪಟ್ಟಣದ ಗಂಜಾಮಿನ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ನೇಗಿಲು ಮತ್ತು ಸೂಜಿ

ಹಸಿದವನಿಗೆ ಉಪದೇಶವೊಂದೇ ಸಾಲದು ಎಂಬುದನ್ನು ಅವರು ಬಲ್ಲವರಾಗಿದ್ದರು. ನೆಲೆ ತಪ್ಪಿದ ಕುಟುಂಬಗಳನ್ನು ಒಂದೆಡೆ ಕೂಡಿಸಿ ಬೇಸಾಯಕ್ಕೆ ಹಚ್ಚುವ ಊರುಗಳನ್ನು ಕಟ್ಟಿದರು. ಅವುಗಳಲ್ಲಿ ಹಾಸನ ಸೀಮೆಯ ಸತ್ತಿಹಳ್ಳಿ ಮುಖ್ಯವಾದದ್ದು. ಉಳಲು ಭೂಮಿ, ನೆರೆಯಲ್ಲಿ ತಮ್ಮವರು, ಊರಿನ ನಡುವೆ ದೇವಾಲಯ ಎಂಬ ಈ ಏರ್ಪಾಟು ಆ ಸೀಮೆಯ ಕ್ರೈಸ್ತ ಬಾಳಿಗೆ ಬೇರಾಯಿತು.

ಅವರ ಇನ್ನೊಂದು ಸೇವೆ ಸಿಡುಬಿನ ವಿರುದ್ಧ ನಡೆಸಿದ ಹೋರಾಟ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದ. ಆ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಈಗಿನಂತೆ ಲಸಿಕೆಯನ್ನು ಶೀಶೆಯಲ್ಲಿ ತಂಪಾಗಿ ಇಡುವ ಅನುಕೂಲ ಆಗ ಇರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿ, ಎಂಟನೆಯ ದಿನದ ಹೊತ್ತಿಗೆ ಅಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಚುಚ್ಚಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಲಸಿಕೆ ಸಾಗಬೇಕು. ಸರಪಣಿಯ ಒಂದು ಕೊಂಡಿ ಕಳಚಿದರೆ ಎಲ್ಲವೂ ಮುಗಿಯಿತು. ಯಾವ ಜಾತಿಯ ಯಾವ ಮಗುವಿನ ಮೈಯ ರಸವೋ ತಮ್ಮ ಮಗುವಿನ ಮೈಗೆ ಸೇರುವುದೆಂದರೆ ತಾಯಂದಿರು ಹಿಂಜರಿಯುತ್ತಿದ್ದುದು ಸಹಜ. ಇಂತಹ ಅಂಜಿಕೆಯ ನಡುವೆ ದುಬ್ವಾ ಅವರು ಲಸಿಕೆಯ ಪ್ರಚಾರಕ್ಕೆ ಕೈಹಾಕಿದರು. ಸಾವಿರಾರು ಜನಕ್ಕೆ ಅದು ತಲುಪಿತು. ಮೈಸೂರು ಅರಮನೆಯ ಹೆಣ್ಣುಮಕ್ಕಳೂ ಅದೇ ಕಾಲದಲ್ಲಿ ಲಸಿಕೆ ಹಾಕಿಸಿಕೊಂಡು ಪ್ರಜೆಗಳಿಗೆ ಧೈರ್ಯ ತುಂಬಿದರು. ಸಿಡುಬು ಲೋಕದಿಂದಲೇ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಆ ಉದ್ದವಾದ ಸರಪಣಿಯ ಮೊದಲ ಕೊಂಡಿಗಳಲ್ಲಿ ಮೈಸೂರು ಸೀಮೆಯ ಮಕ್ಕಳ ತೋಳುಗಳೂ ಇದ್ದವು.

ಕೀರ್ತಿ ತಂದ ಗ್ರಂಥ

ಹೊರಲೋಕಕ್ಕೆ ದುಬ್ವಾ ಅವರು ಪರಿಚಿತರಾದದ್ದು ಇವಾವುದರಿಂದಲೂ ಅಲ್ಲ. ಹಿಂದೂಗಳ ಆಚಾರ, ವ್ಯವಹಾರ, ಸಂಸ್ಕಾರಗಳನ್ನು ಕುರಿತು ಅವರು ಫ್ರೆಂಚ್ ಭಾಷೆಯಲ್ಲಿ ಸಿದ್ಧಪಡಿಸಿದ ದೊಡ್ಡ ಗ್ರಂಥದಿಂದ. ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಅವರು 1807ರಲ್ಲಿ ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ 8,000 ರೂಪಾಯಿಗೆ ಕೊಂಡರು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಪ್ರಕಟವಾಯಿತು. ದುಬ್ವಾ ಅವರು ಮತ್ತೆ ತಿದ್ದಿ ಬೆಳೆಸಿದ ಪಾಠವನ್ನು ಹೆನ್ರಿ ಬೋಷಾಂ 1897ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು.

ಈ ಗ್ರಂಥದ ಬಗೆಗೆ ಇಂದು ತಿಳಿದಿರುವ ಸಂಗತಿಯನ್ನು ಮುಚ್ಚಿಡುವಂತಿಲ್ಲ. ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯುರ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಇದರ ಬಹುಭಾಗಕ್ಕೆ ಆಧಾರವಾದದ್ದು ಪುದುಚೇರಿಯ ಯೇಸುಸಭೆಯ ಗುರು ಗಾಸ್ತೋನ್ ಲೊರಾನ್ ಕ್ಯೂರ್ದೂ ಅವರು ಮೊದಲೇ ಬರೆದಿಟ್ಟಿದ್ದ ಬರಹ. ಕ್ಯೂರ್ದೂ ಅವರು 1779ರಲ್ಲಿ ತೀರಿಕೊಂಡಿದ್ದರು. ಅವರ ಹೆಸರು ಗ್ರಂಥದಲ್ಲಿ ಕಾಣಿಸಲೇ ಇಲ್ಲ. ಇದು ದುಬ್ವಾ ಅವರ ಬಾಳಿನ ಒಂದು ಕುಂದು. ಈ ನೆಲದ ಜನರನ್ನು ಕುರಿತು ಅವರು ಕೊಟ್ಟ ತೀರ್ಪುಗಳಲ್ಲಿ ಹಲವು ಕಟುವಾದವು. ಅವುಗಳನ್ನು ಇಂದು ನಾವು ಒಪ್ಪಲಾರೆವು. ಹಿರಿಯರ ಜೀವನವನ್ನು ಓದುವಾಗ ಗುಣದ ಜೊತೆಗೆ ದೋಷವನ್ನೂ ಕಾಣುವುದು ಅವರಿಗೆ ಮಾಡುವ ಅಗೌರವವಲ್ಲ.

ನಿರಾಶೆಯಿಂದ ಮರಳಿದ ಗುರು

1823ರ ಜನವರಿಯಲ್ಲಿ ಅಬ್ಬೆ ದುಬ್ವಾ ಭಾರತವನ್ನು ಬಿಟ್ಟು ಹೊರಟರು. ಕಂಪನಿ ಅವರಿಗೆ ವಿಶೇಷ ಪಿಂಚಣಿಯನ್ನು ನೀಡಿತ್ತು. ಆದರೆ ಅವರ ಮನಸ್ಸಿನಲ್ಲಿ ಗೆಲುವಿನ ಭಾವ ಇರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳಲ್ಲಿ, ಈ ದೇಶದಲ್ಲಿ ಧರ್ಮಪ್ರಚಾರದ ಕೆಲಸ ಫಲಿಸುವ ಕಾಲ ಕಳೆದುಹೋಯಿತೆಂದು ಅವರು ಬಿಚ್ಚುಮನಸ್ಸಿನಿಂದ ಬರೆದರು. ಇಷ್ಟು ವರ್ಷಗಳ ದುಡಿಮೆಯಿಂದ ಧರ್ಮಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಲೆಕ್ಕ ಹಾಕಿದರು. ಪ್ರಾಟೆಸ್ಟೆಂಟ್ ಬೋಧಕರಿಗೆ ಇದು ಸಿಟ್ಟು ತರಿಸಿತು. ಅವರಲ್ಲಿ ಜೇಮ್ಸ್ ಹೌ ಎಂಬುವರು 1824ರಲ್ಲಿ ಒಂದು ಪುಸ್ತಕವನ್ನೇ ಉತ್ತರವಾಗಿ ಬರೆದರು.

ಪ್ಯಾರಿಸಿಗೆ ಮರಳಿದ ದುಬ್ವಾ ಅವರು ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1836ರಿಂದ 1839ರವರೆಗೆ ಸಂಸ್ಥೆಯ ಶ್ರೇಷ್ಠರಾಗಿದ್ದರು. 31 ವರ್ಷ ಭಾರತದಲ್ಲಿ ದುಡಿದು ನಿರಾಶರಾಗಿ ಮರಳಿದವರು, ಭಾರತಕ್ಕೂ ಪೂರ್ವದ ಇತರ ದೇಶಗಳಿಗೂ ಹೊರಡುವ ಹೊಸ ಗುರುಗಳನ್ನು ಹರಸಿ ಕಳುಹಿಸುವ ಮನೆಯ ಹಿರಿಯರಾದದ್ದು ವಿಶೇಷ. 1848ರ ಫೆಬ್ರವರಿ 17ರಂದು ಅವರು ಪ್ಯಾರಿಸಿನಲ್ಲಿ ನಿಧನರಾದರು. ಅವರು ಸತ್ತ ಎರಡೇ ವರ್ಷಗಳಲ್ಲಿ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಗಿ, ಶಾರ್ಬೊನೊ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು.

ಉಳಿದದ್ದು ಯಾವುದು?

ದುಬ್ವಾ ಅವರು ಹೊರಟುಹೋದ ಸುಮಾರು 40 ವರ್ಷಗಳ ಮೇಲೆ, 1860ರ ದಶಕದಲ್ಲಿ, ಫ್ರೆಂಚ್ ಗುರುಗಳು ಶೆಟ್ಟಿಹಳ್ಳಿಯಲ್ಲಿ ಗೋಥಿಕ್ ಶೈಲಿಯ ದೊಡ್ಡ ದೇವಾಲಯವನ್ನು ಕಟ್ಟಿದರು. ಇಟ್ಟಿಗೆ ಗಾರೆಯ ಆ ಕಟ್ಟಡಕ್ಕೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಜನ ಹೇಳುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ಜ್ಞಾನಸ್ನಾನಗಳೂ ವಿವಾಹಗಳೂ ಮೃತರ ಪೂಜೆಗಳೂ ನಡೆದವು.

ಆದಿವಾಲ, ಹಿರಿಯೂರು ಸೀಮೆಯ ಓದುಗರಿಗೆ ಅಣೆಕಟ್ಟೆಯ ಉಪಕಾರವನ್ನು ವಿವರಿಸಬೇಕಾಗಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರು ಈ ಬಯಲುಸೀಮೆಯಲ್ಲಿ ಗದ್ದೆ ತೋಟಗಳನ್ನು ಬೆಳೆಸಿದೆ. ಆದರೆ ಒಂದು ಸೀಮೆಗೆ ಬದುಕು ಕೊಡುವ ನೀರು ಮತ್ತೊಂದೆಡೆ ಮನೆ ಹೊಲಗಳನ್ನು ಕೇಳುತ್ತದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿದಾಗ ಶೆಟ್ಟಿಹಳ್ಳಿಯ ಜನ ಪರಿಹಾರ ಪಡೆದು ಬೇರೆಡೆಗೆ ನಡೆದರು. ಹುಟ್ಟಿದ ಊರನ್ನು ಹೀಗೆ ಬಿಡುವವರು ಮನೆ ಹೊಲಗಳ ಜೊತೆಗೆ ಹಿರಿಯರ ಮಣ್ಣನ್ನೂ ಬಿಟ್ಟು ಹೋಗಬೇಕಾಗುತ್ತದೆ. ನವೆಂಬರ್ 2ರ ಸಕಲ ಮೃತರ ಸ್ಮರಣೆಯಂದು ಸಮಾಧಿಗೆ ಹೂವಿಟ್ಟು ಮೊಂಬತ್ತಿ ಹಚ್ಚುವ ನಮಗೆ ಆ ನೋವು ಅರ್ಥವಾಗದೆ ಇರದು.

ಗ್ರಂಥದ ಕೀರ್ತಿಯಲ್ಲಿ ಇನ್ನೊಬ್ಬರಿಗೂ ಪಾಲಿದೆ. ಶೆಟ್ಟಿಹಳ್ಳಿಯ ಗೋಡೆಗಳು ಮಳೆಗಾಲ ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಕುಸಿಯುತ್ತಿವೆ. ದೊಡ್ಡ ಸ್ವಾಮಿಯವರು ತಾವೇ ಹಾಕಿದ ಲೆಕ್ಕದಲ್ಲಿ ಅವರ ಕೆಲಸ ಸೋತಿತ್ತು. ಆದರೆ ಅವರು ಎಣಿಸದೆ ಬಿಟ್ಟದ್ದು ಬಹಳ: ಮತ್ತೆ ಒಂದೇ ಪೀಠದ ಮುಂದೆ ಮಂಡಿಯೂರಿದ ಕುಟುಂಬಗಳು, ಉತ್ತು ಬಿತ್ತಿ ಬೇರುಬಿಟ್ಟ ಸತ್ತಿಹಳ್ಳಿ, ಸಿಡುಬಿಗೆ ಸಾಯದೆ ಬೆಳೆದ ಮಕ್ಕಳು. ಆ ಮಕ್ಕಳ ಮಕ್ಕಳು ಹಾಸನ, ಮೈಸೂರು ಸೀಮೆಯ ಧರ್ಮಕೇಂದ್ರಗಳಲ್ಲಿ ಇಂದಿಗೂ ಜಪಮಾಲೆ ಹಿಡಿದು ಕೂರುತ್ತಾರೆ. ದೊಡ್ಡ ಸ್ವಾಮಿಯವರಿಗೆ ಈ ನೆಲದಲ್ಲಿ ಆರಡಿ ಮಣ್ಣು ದೊರೆಯಲಿಲ್ಲ. ಮೃತರಿಗಾಗಿ ಪ್ರಾರ್ಥಿಸುವಾಗ, ದೂರದ ಪ್ಯಾರಿಸಿನಲ್ಲಿ ಕಣ್ಣುಮುಚ್ಚಿದ ಈ ಗುರುವಿಗಾಗಿಯೂ, ನೀರಿನಡಿ ಸೇರಿದ ಊರುಗಳ ಹಿರಿಯರಿಗಾಗಿಯೂ ನಮ್ಮ ಕುಟುಂಬಗಳು ಒಂದು ಪ್ರಾರ್ಥನೆಯನ್ನು ಸಲ್ಲಿಸಲಿ.